ಪಿಸುಮಾತಿನ ತಮಿಳು

“ಇಲ್ನೋಡು ಪೊಣ್ಣೆ, ಇದು ತಣ್ಣಿ. ನಿಮ್ಮೂರಲ್ಲಿ ನೀರು ಅಂತೀರಲ್ಲ, ಅದು. ಇದು ಪಾಲು, ನಿಮ್ಮ ಹಾಲು. ಇದು ಉಪ್ಪು. ನಿಂಗೂ ಉಪ್ಪೇ, ನಂಗೂ ಉಪ್ಪೇ, ಅದನ್ನ ಕಲಿಯೋ ಕಷ್ಟ ಇಲ್ಲ. ಇದು ಅಡುಪ್ಪು, ಒಲೆ. ಅದರ ಮುಂದೆ ಕೂತು ಹೊಗೆಗೆ ಅಳ್ತೀಯೋ, ನಿಮ್ಮವ್ವನ್ನ ನೆನೆಸ್ಕೊಂಡು ಅಳ್ತೀಯೋ, ನಾನು ಕೇಳಾಕಿಲ್ಲ. ಅಗೋ, ಅಲ್ಲಿ ಕಂಬಳಿ ಮುಸುಕು ಹಾಕ್ಕೊಂಡು ಬಿದ್ದಿರೋನು ನಿನ್ ಗಂಡ. ರಾತ್ರಿಯೆಲ್ಲ ಗಣಿಯೊಳಗೆ ಬಂಡೆ ಕೊರ್ದು ಬಂದವ್ನೆ. ಅವನು ಎದ್ದ ಅಂದ್ರೆ ಈ ಮನೇಲಿ ತಮಿಳೂ ಇಲ್ಲ, ಕನ್ನಡಾನೂ ಇಲ್ಲ, ಬರೀ ಬೈಗುಳ. ಅದಕ್ಕೇ ಏನು ಮಾತಾಡಿದ್ರೂ ಮೆದುವಾ ಪೇಸು, ಮೆತ್ತಗೆ!”

ನಮ್ಮತ್ತೆ ಮಾರಿಯಮ್ಮ ನನ್ನ ಕಿವಿಗೆ ಬಾಯಿಟ್ಟು ಹೇಳಿದ ಮೊದಲನೇ ಪಾಠ ಇದು. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ನಂದಿದುರ್ಗದ ಚಿನ್ನದ ಗಣಿ ಲೈನಿಗೆ ಸೊಸೆಯಾಗಿ ಬಂದದ್ದು ಐವತ್ತೇಳನೇ ಇಸವಿ ಇರಬೇಕು. ಗಣಿ ಕೆಲಸದಲ್ಲಿದ್ದ ನಮ್ಮ ಸೋದರಮಾವ ತಂದ ಸಂಬಂಧ. ಹುಡುಗ ಬಂಗಾರ ಅಂತ ಹೊಗಳಿದ. ಹುಡುಗನ ಮನೆಯಲ್ಲಿ ತಮಿಳು ಅನ್ನೋದನ್ನ ಮಾತ್ರ ಧಾರೆ ಮುಗಿಯೋವರೆಗೂ ಬಾಯಿಬಿಡಲಿಲ್ಲ.

ಲೈನ್ ಮನೆ ಅಂದರೆ ಕೂಲಿಯವರ ಸಾಲುಮನೆ, ಒಂದೇ ಕೋಣೆ, ಅದಕ್ಕಂಟಿದ ಅಡುಗೆಗೂಡು. ನಮ್ಮೆಜಮಾನರಿಗೆ (ಗಂಡನ ಹೆಸರು ಹೇಳಬಾರದು, ಈ ವಯಸ್ಸಲ್ಲಿ ಯಾರು ಕೇಳ್ತಾರೆ, ಕುಪ್ಪುಸ್ವಾಮಿ) ಆ ವರ್ಷವೆಲ್ಲ ರಾತ್ರಿ ಪಾಳಿ. ಹಗಲೆಲ್ಲ ನಿದ್ದೆ. ಅತ್ತೆ, ನಾದಿನಿ ಕನಕಮ್ಮ, ನಾನು, ಮೂವರೂ ಅವರ ಕಾಲ ಸುತ್ತ ಕಳ್ಳರ ಹಾಗೆ ಓಡಾಡಿಕೊಂಡು ಬೇಯಿಸಬೇಕು, ಬಳಿಯಬೇಕು, ಮಾತಾಡಬೇಕು. ಹೀಗೆ ನನ್ನ ತಮಿಳು ವಿದ್ಯಾಭ್ಯಾಸವೆಲ್ಲ ಪಿಸುಪಿಸು ಅಂತಲೇ ನಡೀತು. ಸ್ಲೇಟು ಇಲ್ಲ, ಬಳಪ ಇಲ್ಲ, ಬರೀ ಕಿವಿ. ವರ್ಷ ತುಂಬೋದರೊಳಗೆ ಎಲ್ಲಾ ಬಂತು. ಆದರೆ ಕನ್ನಡ ನನ್ನ ಗಂಟಲಲ್ಲಿತ್ತು, ತಮಿಳು ಬರೀ ತುಟಿಯಲ್ಲಿತ್ತು. ಇದು ನನಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಕನಕಮ್ಮನನ್ನ ನೋಡೋಕೆ ಪಕ್ಕದ ಕೋರಮಂಡಲ್ ಗಣಿ ಕಡೆಯಿಂದ ಗಂಡಿನೋರು ಬಂದ ಭಾನುವಾರ. ಆಗಲೇ ಎರಡು ಸಂಬಂಧ ಬಂದು ವಾಪಸ್ ಹೋಗಿದ್ದವು. ಇದೂ ಹೋದರೆ ಇನ್ನು ಯಾರ ಮುಂದೆಯೂ ಕೂರಲ್ಲ ಅಂತ ಕನಕ ಹಿಂದಿನ ದಿನವೇ ಕಣ್ಣೀರಿಟ್ಟಿದ್ದಳು. ಗಂಡಸರು ಹೊರಗೆ ಜಗಲಿಯಲ್ಲಿ ಕೂತರು. ಅತ್ತೆ ನನಗೆ ರೇಷ್ಮೆ ಸೀರೆ ಉಡಿಸಿ, “ತಮಿಳಲ್ಲೇ ಮಾತಾಡು. ನನ್ ಸೊಸೆ ಎಷ್ಟು ಕಲ್ತವ್ಳೆ ಅಂತ ಅವರೂ ನೋಡ್ಲಿ,” ಅಂದರು. ನಾನು ಉಬ್ಬಿಹೋದೆ.

ಗಂಡಿನ ತಾಯಿ ಕದಿರಮ್ಮ ಕಾಫಿ ಲೋಟ ತಗೊಂಡು, “ಹುಡುಗಿ ಹ್ಯಾಗಮ್ಮ?” ಅಂತ ತಮಿಳಲ್ಲಿ ಕೇಳಿದರು.

ನಾನು ಬಗ್ಗಿ ಅವರ ಕಿವಿಯಲ್ಲಿ, “ನಲ್ಲ ಪೊಣ್ಣು,” ಅಂದೆ. ಒಳ್ಳೆ ಹುಡುಗಿ ಅಂದದ್ದು, ಅಷ್ಟೆ. ಆಯಮ್ಮ ಅತ್ತ ಇತ್ತ ನೋಡಿ, ತಾವೂ ದನಿ ಇಳಿಸಿ, “ಏನಾದ್ರೂ ಕಾಯಿಲೆಯಾ?” ಅಂದರು.

“ಒಣ್ಣುಮಿಲ್ಲೆ,” ಅಂದೆ, ಇನ್ನೂ ಹತ್ತಿರ ಹೋಗಿ. ಏನೂ ಇಲ್ಲ ಅನ್ನೋದನ್ನ ಪಿಸುಗುಟ್ಟಿದರೆ ಏನೋ ಇದೆ ಅಂತಲೇ ಕೇಳಿಸುತ್ತೆ, ನೋಡಿ! ಲೋಟ ನೆಲಕ್ಕಿಳಿಯಿತು. ಒಳಗಿಂದ ಅತ್ತೆ ನನ್ನ ಕಡೆ ಕಣ್ಣಲ್ಲೇ ಒನಕೆ ಬೀಸಿದರು.

“ಸತ್ತಮಾ ಸೊಲ್ಲಮ್ಮಾ, ಜೋರಾಗಿ ಹೇಳು!” ಅಂದರು ಕದಿರಮ್ಮ.

ಹೇಳೋಕೆ ಬಾಯಿ ತೆರೆದೆ. ದನಿ ಏರಿಸಿದ ಕೂಡಲೇ ಕಲಿತ ತಮಿಳೆಲ್ಲ ಗಾಬರಿಬಿದ್ದು ಹೊಟ್ಟೆಯೊಳಕ್ಕೆ ಇಳಿದುಹೋಯಿತು. ಉಸ್ ಅನ್ನೋ ಗಾಳಿ ಬಿಟ್ಟು ಏನೂ ಬರಲಿಲ್ಲ. ಕನಕನ ಕಣ್ಣು ತುಂಬಿತು. ಮೂರನೇ ಸಂಬಂಧವನ್ನ ನಾನೇ ಕೈಯಾರೆ ಕೊಂದೆ ಅಂದುಕೊಂಡೆ.

ಕದಿರಮ್ಮ ಅತ್ತೆಯನ್ನ ಹಿತ್ತಿಲಿಗೆ ಕರಕೊಂಡು ಹೋದರು. ನನ್ನ ಕಿವಿ ಹಿಂದೆಯೇ ಹೋಯಿತು.

“ಮಾರಿಯಮ್ಮಾ, ನಿಮ್ಮ ಸೊಸೆಗೆ ಹುಟ್ಟಿನಿಂದಲೇ ದನಿ ಇಲ್ವಾ?”

ಅತ್ತೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬಾಗಿಲ ಸಂದಿಯಿಂದ ಕನಕನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಎಂಥಾ ಮನಸ್ಸಮ್ಮ ನಿಮ್ದು!” ಅಂದರು ಕದಿರಮ್ಮ. “ಇಂಥ ಹುಡುಗೀನ ತಂದು, ರೇಷ್ಮೆ ಉಡಿಸಿ, ಮಗಳ ಹಾಗೆ ಇಟ್ಕೊಂಡಿದ್ದೀರಿ. ಈ ಕೈಯಲ್ಲಿ ಬೆಳೆದ ಹುಡುಗೀನೇ ನಮಗೆ ಬೇಕು.”

ಅರ್ಧ ಗಂಟೆಯೊಳಗೆ ತಾಂಬೂಲದ ತಟ್ಟೆ ಬದಲಾಯಿಸಿಕೊಂಡು ಮದುವೆ ಗೊತ್ತುಮಾಡಿದರು. ಕನಕ ನನ್ನ ಕತ್ತು ತಬ್ಬಿಕೊಂಡಳು. ಅವರು ಹೊರಟದ್ದೇ ತಡ, ನಾನು ಅಡುಗೆಗೂಡಿಗೆ ನುಗ್ಗಿ ಗಂಟಲು ತುಂಬ ಕನ್ನಡದಲ್ಲಿ, “ನೋಡಿದ್ರಾ ಅತ್ತೆ, ನನ್ ತಮಿಳಿಂದ್ಲೇ ಮದ್ವೆ ಕೂಡ್ತು!” ಅಂದೆ.

ಅತ್ತೆ ಹಾರಿಬಂದು ನನ್ನ ಬಾಯಿ ಮುಚ್ಚಿದರು. “ಅಯ್ಯೋ ಪಾಪಿ! ಗಂಡಿನ ಚಿಕ್ಕಮ್ಮ ಮೊನ್ನೆ ತಾನೆ ಪಕ್ಕದ ಲೈನಿಗೇ ಬಂದವ್ಳೆ. ಮದ್ವೆ ಸಂಕ್ರಾಂತಿ ಕಳೆದ ಮೇಲೆ. ಅಲ್ಲೀವರೆಗೂ ನಿಂಗೆ ದನಿ ಇಲ್ಲ!”

“ಕನ್ನಡದಲ್ಲೂ?” ಅಂತ ಬೆರಳ ಸಂದಿಯಿಂದ ಕೇಳಿದೆ.

“ಯಾವ ಭಾಷೇಲೂ!”

ಸಂಜೆ ಬಾಗಿಲ ಮುಂದೆ ಕೂತು ಕಾಫಿ ಲೋಟ ಬೆಳಗುತ್ತಿದ್ದೆ. ಯಾರದೋ ಮೇಕೆ ಬಂದು ಪಕ್ಕದಲ್ಲಿ ಒಣಹಾಕಿದ್ದ ಅಕ್ಕಿಗೆ ಬಾಯಿ ಹಾಕಿತು. ಆ ಚಿಕ್ಕಮ್ಮ ಬೀದಿಯಲ್ಲೇ ನಿಂತಿದ್ದಳು. ನಾನು ಮೇಕೆಯ ಕಿವಿಗೆ, “ಪೋ, ಪೋ,” ಅಂತ ಪಿಸುಗುಟ್ಟಿದೆ. ಅದು ಒಂದು ಸಲ ಕಿವಿ ಒದರಿ ಮೇಯುತ್ತಲೇ ಇತ್ತು.

“ಪಾವಂ,” ಅಂತ ಮರುಗಿ, ಚಿಕ್ಕಮ್ಮ ತಾನೇ ಬಂದು ಮೇಕೆ ಓಡಿಸಿದಳು. ನಾನು ತಲೆಯಾಡಿಸಿ, ಇನ್ನಷ್ಟು ಬೂದಿ ತಗೊಂಡು, ಮುಂದಿನ ಲೋಟ ಉಜ್ಜಿದೆ.