ಕಾಡಿನ ಗೇಟಿನ ಹಿತ್ತಾಳೆ ಬಿಲ್ಲೆಗಳು

ಕಾಡಿಗೆ ಹೋಗುವಾಗ ಪ್ರತಿಯೊಬ್ಬರೂ ಗೇಟಿನ ಹಲಗೆಯಿಂದ ಒಂದು ಬಿಲ್ಲೆ ತೆಗೆದುಕೊಳ್ಳಬೇಕು. ಬಂದ ಮೇಲೆ ಅದೇ ಮೊಳೆಗೆ ತಾವೇ ನೇತುಹಾಕಬೇಕು. ಇನ್ನೊಬ್ಬರ ಬಿಲ್ಲೆಯನ್ನು ಮುಟ್ಟಕೂಡದು. ನಿಯಮ ಇಷ್ಟೇ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ, ಎರಡು ಸಲ ತಪ್ಪು ತಿದ್ದಿಸಿ, ಗೇಟಿನ ಪಕ್ಕದಲ್ಲಿ ಹಾಕಿಸಿದ್ದೇನೆ. ಯಾರೂ ಅದನ್ನು ಮುರಿಯದ ಒಂದು ಭಾನುವಾರವೂ ನನಗೆ ನೆನಪಿಲ್ಲ.

ಹನಗೋಡಿನಿಂದಾಚೆ, ಲಕ್ಷ್ಮಣತೀರ್ಥದ ದಂಡೆಯಲ್ಲಿ ನಮ್ಮ ಎಸ್ಟೇಟ್ ಬಂಗಲೆಯಿದೆ. ಬಿಳಿ ಸಾಹೇಬರ ಕಾಲದ್ದು. ನಾನು ಅದರ ಮ್ಯಾನೇಜರ್. ಭಾನುವಾರ ಮಕ್ಕಳುಮರಿ ಕಟ್ಟಿಕೊಂಡು ಬರುವ ಸಂಸಾರಗಳು ಹಿತ್ತಿಲ ಗೇಟಿನಿಂದ ಹೊರಟು, ತೇಗದ ಮರಗಳ ನಡುವೆ ಎರಡು ಮೈಲಿ ನಡೆದು, ಸಾಹೇಬರ ನಾಯಿಗಳ ಗೋರಿ ನೋಡಿಕೊಂಡು ಅದೇ ಗೇಟಿಗೆ ವಾಪಸು ಬರುತ್ತವೆ. ಐದೂವರೆಗೆ ಬೀಗ. ಆಮೇಲೆ ಆ ದಾರಿ ಆನೆಗಳದ್ದು. ಬಿಲ್ಲೆಗಳು ಹಿಂದೆ ಮರ ಕಡಿಯುವ ಆಳುಗಳಿಗೆ ಕೊಡುತ್ತಿದ್ದಂಥವು, ಹಿತ್ತಾಳೆಯವು, ನಂಬರು ಕೆತ್ತಿದವು. ಮೊಳೆ ಖಾಲಿಯಿದ್ದರೆ ಒಬ್ಬರು ಇನ್ನೂ ಕಾಡಿನಲ್ಲಿದ್ದಾರೆ ಎಂದರ್ಥ.

ಗೇಟು ಕಾಯುವುದು ಹನಗೋಡಿನ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ.

ಹಲಗೆಯ ಪ್ರಕಾರ ಬಂದವರು

ಮೈಸೂರಿನಿಂದ ಬಂದ ಒಬ್ಬ ಗೃಹಿಣಿ ಬಹಳ ಚುರುಕು. ಗಂಡ ಹಿಂದೆ ಎಲ್ಲೋ ಫೋಟೋ ತೆಗೆಯುತ್ತಾ ನಿಂತಿದ್ದಾಗಲೇ ಆತನ ಬಿಲ್ಲೆಯನ್ನೂ ಇಸಿದುಕೊಂಡು ಬಂದು, ಐದೂ ಬಿಲ್ಲೆಗಳನ್ನು ತಾನೇ ನೇತುಹಾಕಿದರು. ಹಲಗೆ ತುಂಬಿತು. ಐದೂವರೆಗೆ ಅಕ್ಕ ಬೀಗ ಹಾಕಿದಳು. ಗೃಹಿಣಿ ಮಕ್ಕಳಿಗೆ ಬೋಂಡಾ ಕೊಡಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಗೇಟಿನಾಚೆ ಬೆಳ್ಳಗೆ ಏನೋ ನಿಂತುಕೊಂಡು ಸರಳು ಅಲ್ಲಾಡಿಸತೊಡಗಿತು. "ತೆಗೀರಿ, ನಾನು," ಎಂಬ ಧ್ವನಿ ನಡುಗುತ್ತಿತ್ತು.

ಅಕ್ಕ ಹಲಗೆ ನೋಡಿದಳು. "ನೀವು ಆಗ್ಲೇ ಬಂದ್ಬುಟ್ಟಿದ್ದೀರಾ ಸಾಮಿ. ಇನ್ನೊಂದ್ ಕಿತ ಎಂಗೆ ಬುಡಾದು?"

"ನಾನು ಮನುಷ್ಯ ಕಣಮ್ಮ."

"ಅಂಗಾರೆ ಕಾಲು ತೋರ್ಸಿ. ಪಾದ ಮುಂದಕ್ಕಿದ್ರೆ ತೆಗೀತೀನಿ."

ಕಾಲೇಜು ಪ್ರೊಫೆಸರ್ ಅಂತೆ. ಶೂ, ಸಾಕ್ಸು ಎರಡನ್ನೂ ಬಿಚ್ಚಿ, ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಪಾದ ಎತ್ತಿ ತೋರಿಸಿದರು. ಒಳಗೆ ಬಂದ ಮೇಲೆ ಹೆಂಡತಿ ಕೇಳಿದ್ದು ಒಂದೇ ಮಾತು: "ಸಾಕ್ಸ್ ಯಾಕೆ ಬಿಚ್ಚಿದ್ರಿ, ಶೀತ ಆಗಲ್ವಾ?"

ಹದಿನೇಳನೇ ನಂಬರು

ಮಿರ್ಲೆ ಕಡೆಯ ರೈತರೊಬ್ಬರು ಸಂಸಾರ ಸಮೇತ ಬಂದಿದ್ದರು. ತಮಗೆ ಒಂದು ತೆಗೆದುಕೊಂಡು, ಹದಿನೇಳನೇ ಬಿಲ್ಲೆಯನ್ನೂ ಜೇಬಿಗಿಳಿಸಿದರು. ನಾನು ತಡೆದೆ.

"ನಮ್ಮಪ್ಪಂದು ಸಾ. ಇಲ್ಲೇ ಮರ ಸಾಗಿಸ್ತಿದ್ರು. ತೀರ್ಕೊಂಡು ವರ್ಷವಾಯ್ತು. ಒಂದ್ಸಲ ನಡೆದ್ಕಂಡ್ ಬರ್ಲಿ ಅಂತ."

ತಲೆಗೊಂದು ಬಿಲ್ಲೆ ಎಂದೆ. "ಅವರ ತಲೆಗೇ ಸಾ," ಎಂದು ಹೊರಟೇಬಿಟ್ಟರು. ವಾಪಸು ಬಂದಾಗ ಅವರ ಕೈಯಲ್ಲಿ ಒಂದೇ ಬಿಲ್ಲೆ ಇತ್ತು.

"ಹದಿನೇಳು ಎಲ್ಲಿ?"

"ನಾಯಿ ಗೋರಿ ತಾವ ಮಡಗ್ ಬಂದೆ. ನೀನು ನಡಿ, ನಾನು ಆಮೇಲೆ ಬತ್ತೀನಿ ಅಂದಂಗಾಯ್ತು."

ಹಳೆಯ ಆಸ್ತಿ ಕಳೆದದ್ದಕ್ಕೆ ಅವರಿಗೊಂದು ಖಾರವಾದ ಪತ್ರ ಬರೆಯಬೇಕೆಂದು ನಿರ್ಧರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗೇಟಿಗೆ ಹಾಕಿದ ಬೀಗ ಹಾಗೆಯೇ ಇದೆ. ಹದಿನೇಳನೇ ಬಿಲ್ಲೆ ಮಂಜಿನಲ್ಲಿ ಒದ್ದೆಯಾಗಿ ಗೇಟಿನೊಳಗಿನ ಹಲಗೆಯ ಮೇಲೆ ತೂಗಾಡುತ್ತಿದೆ. ಆದರೆ ಅಂಕಿ ತಿರುವುಮುರುವಾಗಿ, ಎಪ್ಪತ್ತೊಂದನೇ ಮೊಳೆಯಲ್ಲಿ.

ಬೀಗವನ್ನು ಎರಡು ಸಲ ಎಳೆದು ನೋಡಿದೆ. ಆದರೂ ಬಾಯಿಂದ ಬಂದದ್ದು, "ಇದು ತಪ್ಪು ಮೊಳೆ," ಎಂದೇ.

ಅಕ್ಕ ಗುಡಿಸುತ್ತಲೇ ಹೇಳಿದಳು, "ಓದು ಬರ್ದಿರೋ ಕಾಲದ ಮನುಷ್ಯ. ಅಷ್ಟು ದೂರದಿಂದ ತಂದಾಕವ್ರೆ. ಬಯ್ಬ್ಯಾಡಿ ಬುಡಿ ಸಾ."

ಇಪ್ಪತ್ತಮೂರು

ನಿಯಮ ಮುರಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಅದು ಹೀಗೆ.

ಒಂದು ಭಾನುವಾರ ಐದೂವರೆಗೆ ಇಪ್ಪತ್ತಮೂರನೇ ಮೊಳೆ ಖಾಲಿಯಿತ್ತು. ಆ ಬಿಲ್ಲೆ ಪಡೆದದ್ದು ಕೆ.ಆರ್. ನಗರದಿಂದ ಎರಡು ಕಾರಿನಲ್ಲಿ ಬಂದಿದ್ದ ಒಂದು ದೊಡ್ಡ ಸಂಸಾರ. ಅವರು ಆಗಲೇ ಹೊರಟುಹೋಗಿದ್ದರು. ಮೊದಲ ಕಾರಿಗೆ ಫೋನ್ ಮಾಡಿದೆ. "ಎಲ್ಲಾ ಇದ್ದೀವಿ ಸಾರ್." ಎರಡನೆಯದಕ್ಕೂ ಮಾಡಿದೆ. "ನಾವೂ ಎಲ್ಲಾ ಇದ್ದೀವಿ."

ಯಾರೋ ಬಿಲ್ಲೆಯನ್ನು ನೆನಪಿಗೆಂದು ಕದ್ದಿದ್ದಾರೆ ಎಂದು ತೀರ್ಮಾನಿಸಿದೆ. ತೋಪಿನಾಚೆ ಬಿದಿರು ಮುರಿಯುವ ಸದ್ದು ಶುರುವಾಗಿತ್ತು. ಆಫೀಸಿನಿಂದ ನಂಬರಿಲ್ಲದ ಒಂದು ಬಿಲ್ಲೆ ತಂದು, ಸೀಮೆಸುಣ್ಣದಲ್ಲಿ ಇಪ್ಪತ್ತಮೂರು ಎಂದು ಬರೆದು, ನನ್ನ ಕೈಯಾರೆ ಮೊಳೆಗೆ ಹಾಕಿದೆ. "ಅಕ್ಕ, ಬೀಗ ಹಾಕು."

ಅವಳು ಆ ಬಿಲ್ಲೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಇದ್ಕೆ ಕಾಲೈತಾ ಸಾ, ನಡೆದ್ಕಂಡ್ ಬಂದೈತಾ?"

"ಆನೆ ಬಂದರೆ?"

"ಬತ್ತವೆ. ಕಾಡೊಳಗಿರೋರ್ ತಾವೂ ಬತ್ತವೆ."

"ಕೆಲಸ ಹೋಗುತ್ತೆ ನೋಡು."

"ವೋಗ್ಲಿ. ಗೇಟ್ ಮಾತ್ರ ಆಕಕಿಲ್ಲ."

ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ತೆರೆದ ಗೇಟಿನ ನಡುವೆ ಕುಕ್ಕರಿಸಿ ಕೂತಳು. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಮೊದಲ ಕಾರಿನವರ ಫೋನ್ ಬಂತು. "ಸಾರ್, ಅಜ್ಜಿ ಆ ಕಾರಲ್ಲಿದ್ದಾರೆ ಅಂದ್ಕೊಂಡಿದ್ವಿ. ಅವರು ಈ ಕಾರಲ್ಲಿದ್ದಾರೆ ಅಂದ್ಕೊಂಡಿದ್ರು."

ಟಾರ್ಚ್ ತೇಗದ ಬುಡಗಳ ಮೇಲೆ ಹಾಯಿಸಿದೆ. ಬಿದಿರಿನ ಸದ್ದು ನಿಂತಿತ್ತು. ಆ ಮೌನದಲ್ಲಿ ಒಂದು ಮುದುಕಿಯ ಮಾತು ಕೇಳಿಸಿತು. ಮಾತು, ಒಂದು ಬಿಡುವು, "ಹೂಂ ಕಣವ್ವ, ಆಮೇಲೆ?" ಎಂದು ನಗು, ಮತ್ತೆ ಬಿಡುವು.

ಅಜ್ಜಿ ಬಂದರು. ಒಬ್ಬರೇ. ಗೋರಿಯ ಕಟ್ಟೆಯ ಮೇಲೆ ತೂಕಡಿಸಿದ್ದರಂತೆ. ಸೆರಗಿನ ಗಂಟಿನಿಂದ ಬಿಲ್ಲೆ ಬಿಚ್ಚಿ, ತಾವೇ ಮೊಳೆ ಹುಡುಕಿ ಹಾಕಿದರು. ಆಮೇಲೆ ಗೇಟಿನ ಕಡೆ ತಿರುಗಿ, "ಬಾವ್ವ ಒಳಕ್ಕೆ, ಕಾಪಿ ಕುಡ್ಕಂಡ್ ವೋಗೀವಂತೆ," ಎಂದರು. "ಪಾಪ, ದಾರಿಯುದ್ದಕ್ಕೂ ಮಾತಾಡಿಸ್ಕಂಡು ಕರ್ಕಂಡ್ ಬಂದ್ಲು."

ದಾರಿಯಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ತರಗೆಲೆಯ ಸದ್ದು ಮಾತ್ರ ಒಂದೊಂದೇ ಹೆಜ್ಜೆಯಷ್ಟು ಅಂತರದಲ್ಲಿ ಸರಸರಗುಟ್ಟುತ್ತಾ ಬಂದು ಗೇಟಿನ ಮುಂದೆ ನಿಂತಿತು. ಇಂಥದ್ದನ್ನು ನಂಬದವನು ನಾನು. ಆದರೂ ಹೆಂಗಸರಿಗೆ ದಾರಿ ಬಿಡಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದ ಪಾಠ ಕೈಯಲ್ಲೇ ಉಳಿದಿತ್ತು. ಪಕ್ಕಕ್ಕೆ ಸರಿದು, ಗೇಟನ್ನು ಇನ್ನಷ್ಟು ಅಗಲ ತೆರೆದು ಹಿಡಿದೆ.

ಅಕ್ಕ ಎದ್ದಳು. ಹಲಗೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಒಂದು ಮೊಳೇನೂ ಖಾಲಿ ಇಲ್ಲ ಕಣವ್ವ," ಎಂದು ಆ ಖಾಲಿ ದಾರಿಗೆ ಹೇಳಿ, ನನ್ನ ಕೈಯಿಂದ ಗೇಟು ಕಿತ್ತುಕೊಂಡು ಬೀಗ ಜಡಿದಳು.