ಸೆಲ್ ಇಲ್ಲದ ಕಂಟ್ರೋಲರಿಗೆ ಒಂಬತ್ತು ಅಂಕ

‘ಆಟ-ನೋಟ’ ವಾರಪತ್ರಿಕೆಯ ವಿಮರ್ಶಾ ವಿಭಾಗದಲ್ಲಿ, ಹೊಸದಾಗಿ ಬಿಡುಗಡೆಯಾದ ಪ್ರತಿಯೊಂದು ವಿಡಿಯೋ ಗೇಮಿಗೂ ಹತ್ತಕ್ಕೆ ಏಳರಿಂದ ಒಂಬತ್ತರೊಳಗೆ ಅಂಕ ಕೊಡತಕ್ಕದ್ದು ಎಂಬುದು ನಿಯಮ. ಏಳಕ್ಕಿಂತ ಕೆಳಗೂ ಅಂಕಿಗಳಿವೆ ಎಂಬುದನ್ನು ಕಚೇರಿ ಎಂದೂ ಅಲ್ಲಗಳೆದಿರಲಿಲ್ಲ. ಅವುಗಳ ದಾಸ್ತಾನು ಇಟ್ಟಿರಲಿಲ್ಲ, ಅಷ್ಟೇ. ಹತ್ತನ್ನಂತೂ ಯಾರಿಗೂ ಕೊಡುವಂತಿಲ್ಲ. ಕೊಟ್ಟರೆ ಅದೇ ಕಂಪನಿಯ ಮುಂದಿನ ಆಟಕ್ಕೆ ಏನು ಕೊಡುವುದು ಎಂಬ ಆಡಳಿತಾತ್ಮಕ ತೊಡಕು ಎದುರಾಗುತ್ತದೆ.

ಈ ವಿಭಾಗದ ಕಿರಿಯ ವಿಮರ್ಶಕರೊಬ್ಬರನ್ನು ಎಲ್ಲರೂ ಎಂಟೂವರೆ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಯುದ್ಧದ ಆಟ ಬರಲಿ, ಕಾರಿನ ಆಟ ಬರಲಿ, ಹೊಲ ಉಳುವ ಆಟ ಬರಲಿ, ಅವರು ಎಂಟೂವರೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯೆ ಮಧ್ಯೆ ‘ಆದರೂ’ ಎಂಬ ಪದ ತುರುಕಿ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯುವುದರಲ್ಲಿ ಅವರದು ಪಳಗಿದ ಕೈ. ಆಟ ಆಡುವುದರಲ್ಲಿ ಮಾತ್ರ ಅದೇ ಕೈ ಅಷ್ಟೇನೂ ಪಳಗಿರಲಿಲ್ಲ.

ನಿಜ ಹೇಳಿಬಿಡೋಣ, ನಮ್ಮ ನಮ್ಮಲ್ಲೇನು ಮುಚ್ಚುಮರೆ. ಎಂಟೂವರೆಯವರು ಇಷ್ಟು ವರ್ಷಗಳ ಸೇವೆಯಲ್ಲಿ ಯಾವ ಆಟದಲ್ಲೂ ಮೊದಲ ಹಂತ ದಾಟಿದವರಲ್ಲ. ನಾಯಕ ಓಡುತ್ತಾನೆ, ಹಳ್ಳ ಬರುತ್ತದೆ, ಹಾರು ಎಂದು ಇವರು ಗುಂಡಿ ಒತ್ತುವಷ್ಟರಲ್ಲಿ ಅವನು ಹಳ್ಳದೊಳಗಿರುತ್ತಾನೆ. ಹಾಗಾಗಿ ಅವರ ವಿಮರ್ಶೆಗಳಲ್ಲಿ ಮೊದಲ ಹಳ್ಳದ ವರ್ಣನೆ ಬಹಳ ಸೂಕ್ಷ್ಮವಾಗಿ ಬರುತ್ತಿತ್ತು. ಓದುಗರು ಅದನ್ನು ಶೈಲಿ ಎಂದು ತಿಳಿದಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಸುಬಿನವರು ಅವಳಿಗಿಂತ ಸಭ್ಯರು, ಆ ನೆಲಕ್ಕೂ ಎಂಟೂವರೆ ಕೊಟ್ಟು ಮನೆಗೆ ಹೋಗುತ್ತೇವೆ.

ಹೀಗಿರುವಾಗ ‘ವಜ್ರಖಡ್ಗ’ ಎಂಬ ಭಾರೀ ಆಟ, ಬಿಡುಗಡೆಗೆ ಮೊದಲೇ, ವಿಮರ್ಶೆಗಾಗಿ ಅವರ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಟಿವಿ ಮುಂದೆ ಕುರ್ಚಿ ಎಳೆದುಕೊಂಡು, ಕಂಟ್ರೋಲರ್ ಕೈಗೆತ್ತಿಕೊಂಡು, ಬೀಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತರು. ನಾಯಕ ಓಡಿದ. ಹಳ್ಳ ಬಂತು. ಇವರು ಗುಂಡಿ ಒತ್ತಿದರು, ಅವನು ಹಾರಿದ. ಇನ್ನೊಂದು ಹಳ್ಳ ಬಂತು, ಅದನ್ನೂ ಹಾರಿದ. ರಾಕ್ಷಸ ಎದುರಾದ, ಒಂದೇ ಏಟಿಗೆ ಅವನ ತಲೆ ಉರುಳಿತು. ಎಂಟೂವರೆಯವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಇಷ್ಟು ವರ್ಷ ತಾವು ದಡ್ಡರಲ್ಲ, ಆಟಗಳೇ ಸರಿ ಇರಲಿಲ್ಲ ಎಂಬ ಸತ್ಯ ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು.

“ಬಾರೇ ಇಲ್ಲಿ, ನೋಡು ಬಾ,” ಎಂದು ಹೆಂಡತಿಯನ್ನು ಕರೆದರು.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು. “ಪರವಾಗಿಲ್ವೇ, ಇವತ್ತು ಬಿದ್ದೇ ಇಲ್ಲ,” ಎಂದರು. ಆಮೇಲೆ ಗೋಡೆ ಕಡೆ ತಿರುಗಿ, “ಗಡಿಯಾರಾನೂ ಈಗ ಸರಿಯಾಗಿ ಓಡ್ತಿದೆ. ಮನೆಗೇ ಏನೋ ಒಳ್ಳೆ ಕಾಲ ಬಂದ ಹಾಗಿದೆ,” ಎಂದು ಒಳಗೆ ಹೋದರು.

ಆ ವಾರದ ವಿಮರ್ಶೆಯಲ್ಲಿ ಎಂಟೂವರೆಯವರು ಜೀವನದಲ್ಲಿ ಮೊದಲ ಸಲ ಒಂಬತ್ತು ಕೊಟ್ಟರು. ‘ಬೆರಳು ಗುಂಡಿಯನ್ನು ಮುಟ್ಟುವ ಮೊದಲೇ ಮನಸ್ಸನ್ನು ಅರಿಯುವ ಆಟ’ ಎಂದು ಬರೆದರು. ಪರದೆಯ ಮೂಲೆಯಲ್ಲಿ ‘ಆಟ ಆರಂಭಿಸಿ’ ಎಂಬ ಅಕ್ಷರಗಳು ಉದ್ದಕ್ಕೂ ಮಿನುಗುತ್ತಲೇ ಇರುವುದನ್ನು, ‘ಬದುಕಿನಲ್ಲಿ ಆರಂಭಕ್ಕೆ ಎಂದೂ ತಡವಾಗುವುದಿಲ್ಲ ಎಂಬ ಮಾರ್ಮಿಕ ಸಂದೇಶ’ ಎಂದು ಹೊಗಳಿದರು. ಕಂಪನಿ ಅವರ ಮೊದಲ ವಾಕ್ಯವನ್ನು ಡಬ್ಬದ ಮೇಲೆಯೇ ಅಚ್ಚು ಹಾಕಿಸಿತು. ಉಳಿದ ಪತ್ರಿಕೆಗಳ ವಿಮರ್ಶಕರೂ ಒಂಬತ್ತನ್ನೇ ಕೊಟ್ಟರು.

ಕೆಲವು ದಿನ ಕಳೆದ ಮೇಲೆ ಎಂಟೂವರೆಯವರು ಟಿವಿ ರಿಮೋಟಿಗೆ ಹಾಕಲು ಸೆಲ್ ಹುಡುಕುತ್ತಿದ್ದರು. “ನಿಮ್ಮ ಆಟದ ರಿಮೋಟಲ್ಲಿ ಹುಡುಕ್ಬೇಡಿ ಮತ್ತೆ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು. “ಅದ್ರಲ್ಲಿ ಇಲ್ಲ. ಆವಾಗ್ಲೇ ಗಡಿಯಾರಕ್ಕೆ ಹಾಕಿದೀನಿ.”

“ಆವಾಗ್ಲೇ ಅಂದ್ರೆ ಯಾವಾಗ?”

“ಆ ಖಡ್ಗದ ಆಟ ಬರೋದಕ್ಕೆ ಮುಂಚೆ. ಯಾಕೆ, ಬೇಕಾಗಿತ್ತಾ?”

ಎಂಟೂವರೆಯವರು ಹುಡುಕುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಗಿರಾಕಿಗಳನ್ನು ಸೆಳೆಯಲು ಟಿವಿ ತನ್ನ ಪಾಡಿಗೆ ತಾನು ಓಡುತ್ತಿರುವ ಹಾಗೆ, ಯಾರೂ ಗುಂಡಿ ಮುಟ್ಟದಿದ್ದರೆ ವಿಡಿಯೋ ಗೇಮ್ ಕೂಡ ತಾನೇ ಆಡಿ ತೋರಿಸುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಸ್ಟೂಲ್ ಹತ್ತಿ ಗಡಿಯಾರದಿಂದ ಸೆಲ್ ತೆಗೆದು, ಕಂಟ್ರೋಲರಿಗೆ ಹಾಕಿ, ಮಿನುಗುತ್ತಿದ್ದ ‘ಆಟ ಆರಂಭಿಸಿ’ಯನ್ನು ಒತ್ತಿದರು. ಪರದೆ ಕಪ್ಪಾಯಿತು. ಅದರ ಮೇಲೆ ಒಂದು ಫಲಕ ಮೂಡಿತು: ‘ಈ ಭಾಗದ ಕೆಲಸ ನಡೆಯುತ್ತಿದೆ. ದಯವಿಟ್ಟು ಸಹಕರಿಸಿ.’ ಅದರಾಚೆ ಏನೂ ಇರಲಿಲ್ಲ. ಅವರು ಆಡಿದ್ದೂ ಇಲ್ಲ, ಆಡುವುದಕ್ಕೆ ಆಟವೂ ಇಲ್ಲ.

ಮರುದಿನ ಸಂಪಾದಕರ ಗಾಜಿನ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡರು. ಕೆಲಸ ಹೋಗುತ್ತದೆ ಎಂದು ಖಾತ್ರಿಯಾಗಿದ್ದರಿಂದ, ಡ್ರಾಯರಿನಲ್ಲಿದ್ದ ತಮ್ಮ ಕನ್ನಡಕದ ಡಬ್ಬಿಯನ್ನೂ ಜೇಬಿಗೆ ಹಾಕಿಕೊಂಡೇ ಹೋಗಿದ್ದರು.

ಸಂಪಾದಕರು ಎಲ್ಲವನ್ನೂ ಕೇಳಿ, “ನೀವೊಬ್ಬರೇ ಅಂದ್ಕೊಂಡ್ರಾ?” ಎಂದರು. ಅವರ ಮೇಜಿನ ಮೇಲೆ ಅವರ ಸ್ವಂತ ಕಂಟ್ರೋಲರ್ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಹಾಗೇ ಇತ್ತು. “ಎಲ್ಲರಿಗೂ ಒಂಬತ್ತು ಹೇಗೆ ಬಂತು ಅಂತ ಯೋಚನೆ ಮಾಡಿ. ಆಡಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಿದ್ರು. ಆಡದೇ ಇದ್ದಿದ್ರಿಂದ ಒಮ್ಮತ ಬಂದಿದೆ.”

“ಆದ್ರೆ ಸರ್, ಒಳಗೆ ಆಟಾನೇ ಇಲ್ಲ.”

“ಅದು ನಿಮಗೆ ಹೇಗೆ ಗೊತ್ತಾಯ್ತು?”

“ಗುಂಡಿ ಒತ್ತಿದೆ.”

ಸಂಪಾದಕರು ನಿಟ್ಟುಸಿರು ಬಿಟ್ಟರು. “ನಿಮ್ಮನ್ನ ಯಾರು ಒತ್ತೋಕೆ ಹೇಳಿದ್ರು?”

ಅದೇ ವಾರ ವಿಮರ್ಶಕರ ಸಂಘದಿಂದ ಒಂದು ಪ್ರಕಟಣೆ ಹೊರಟಿತು:

‘ವಿಮರ್ಶಕರು ಕಂಟ್ರೋಲರಿಗೆ ಸೆಲ್ ಹಾಕುವುದು ಆಟದ ಸಹಜ ನಡವಳಿಕೆಯಲ್ಲಿ ಹಸ್ತಕ್ಷೇಪ ಮಾಡಿದಂತಾಗುತ್ತದೆ ಎಂಬುದು ಸಂಘದ ಗಮನಕ್ಕೆ ಬಂದಿದೆ. ಇನ್ನು ಮುಂದೆ ಸೆಲ್‌ರಹಿತ ವಿಮರ್ಶೆಯನ್ನು ಮಾತ್ರ ನಿಷ್ಪಕ್ಷಪಾತವೆಂದು ಪರಿಗಣಿಸಲಾಗುವುದು. ಕೈತಪ್ಪಿ ಗುಂಡಿ ಒತ್ತಿದವರು ಸಮಜಾಯಿಷಿ ನೀಡತಕ್ಕದ್ದು.’

ಕಂಪನಿಯೂ ಹಿಂದೆ ಬೀಳಲಿಲ್ಲ. ‘ವಜ್ರಖಡ್ಗ’ವು ಜಗತ್ತಿನ ಮೊದಲ ಸ್ವಾವಲಂಬಿ ಆಟ ಎಂದು ಘೋಷಿಸಿ, ಫಲಕದಾಚೆಗಿನ ಕೆಲಸವನ್ನು ಕೈಬಿಟ್ಟಿತು. ಜನ ಮುಗಿಬಿದ್ದು ಕೊಂಡರು. ‘ಚಿಕ್ಕಂದಿನಿಂದ ಆಡುತ್ತಿದ್ದೇನೆ, ಇಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ’ ಎಂದು ಓದುಗರೊಬ್ಬರು ಬರೆದರು. ತನ್ನ ಮನೆಯ ನಾಯಕ ತನ್ನ ಮಾತು ಕೇಳುತ್ತಿಲ್ಲ ಎಂದು ಒಬ್ಬ ಗೃಹಿಣಿ ದೂರಿದಾಗ, ‘ತಾವು ಒತ್ತುವುದನ್ನು ನಿಲ್ಲಿಸಿದರೆ ಸರಿಹೋಗುತ್ತದೆ’ ಎಂದು ಕಂಪನಿ ವಿನಯದಿಂದ ಉತ್ತರಿಸಿತು. ಸರಿಹೋಯಿತು ಎಂದು ಆಕೆ ಧನ್ಯವಾದ ಹೇಳಿದರು. ಎಂಟೂವರೆಯವರಿಗೆ ಹಿರಿಯ ವಿಮರ್ಶಕರಾಗಿ ಬಡ್ತಿ ಸಿಕ್ಕಿತು. ತಿರುಗುವ ಕುರ್ಚಿ ಕೊಟ್ಟರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವರು ಎರಡೇ ದಿನದಲ್ಲಿ ಆ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿಯೂ ನೋಡಿದರು.

ಇಷ್ಟಕ್ಕೇ ಮುಗಿದಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ಎಂಟೂವರೆಯವರಿಗೆ ಒಬ್ಬಳು ತಂಗಿ ಇದ್ದಳು.

ತಂಗಿ ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು, ಮನೆಯ ಹಿಂದಿನ ಕೋಣೆಯಲ್ಲಿ ಕೂತು, ವರ್ಷಗಟ್ಟಲೆ ಒಬ್ಬಳೇ ಒಂದು ಸಣ್ಣ ಆಟ ಮಾಡಿದ್ದಳು. ಹೆಸರು ‘ಹೊಳೆ’. ಒಬ್ಬ ಮೊಮ್ಮಗಳು ತನ್ನ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಬೇಕು, ಅಷ್ಟೇ ಆಟ. ಅವಸರ ಮಾಡಿದರೆ ಕಾಲು ಜಾರುತ್ತದೆ. ಜಾರಿದಾಗೆಲ್ಲ ಅಜ್ಜಿ ಬಯ್ಯುತ್ತಾಳೆ. ಬಯ್ಯುವ ದನಿ ಈ ಅಣ್ಣ ತಂಗಿಯರ ಅಮ್ಮನದು. ಅಮ್ಮ ತೀರಿಹೋಗುವ ಹಿಂದಿನ ವರ್ಷ ತಂಗಿ ಅಡುಗೆಮನೆಯಲ್ಲೇ ಫೋನ್ ಹಿಡಿದು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು.

“ಅಣ್ಣ, ಏಳು ಬಂದ್ರೆ ಸಾಕು,” ಎಂದಳು ತಂಗಿ, ಆಟ ಕೈಗಿಡುತ್ತಾ. “ಏಳಕ್ಕಿಂತ ಕಡಿಮೆ ಬಂದ್ರೆ ಆನ್‌ಲೈನ್ ಅಂಗಡಿಯವರು ತೋರಿಸೋದೇ ಇಲ್ಲ. ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಆಗುತ್ತೆ.”

“ಏಳಕ್ಕಿಂತ ಕಡಿಮೆ ನಮ್ಮಲ್ಲಿ ಸಿಗೋದೇ ಇಲ್ಲ ಕಣೇ,” ಎಂದು ಅಣ್ಣ ನಕ್ಕರು.

ಸ್ವಂತ ತಂಗಿಯ ಆಟ, ಬೇರೆಯವರಿಗೆ ಕೊಡಿ ಎಂದು ಸಂಪಾದಕರಿಗೆ ಹೇಳಿಯೂ ನೋಡಿದರು. “ಆಡದೇ ಇದ್ರೆ ಪಕ್ಷಪಾತ ಎಲ್ಲಿಂದ ಬರುತ್ತೆ?” ಎಂದು ಸಂಪಾದಕರು ಅವರಿಗೇ ಒಪ್ಪಿಸಿದರು.

ಮನೆಯಲ್ಲಿ ಸೆಲ್ ಹಾಕದೆ ‘ಹೊಳೆ’ಯ ಮುಂದೆ ಕೂತರು. ಮೊಮ್ಮಗಳು ದಡದಲ್ಲಿ ಸುಮ್ಮನೆ ನಿಂತಿದ್ದಳು. ಅಜ್ಜಿ ಅವಳ ಬೆನ್ನ ಮೇಲೆ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ಎಷ್ಟು ಹೊತ್ತಾದರೂ ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಎಂಟೂವರೆಯವರು ಎದ್ದು ಬಾಗಿಲ ಚಿಲಕ ಹಾಕಿ, ಸ್ಟೂಲ್ ಹತ್ತಿ ಗಡಿಯಾರದಿಂದ ಸೆಲ್ ತೆಗೆದರು.

ಮೊದಲ ಹೆಜ್ಜೆಗೇ ಜಾರಿದರು. “ಕಣ್ಣು ಎಲ್ಲಿಟ್ಟಿದೀಯ?” ಎಂದಳು ಅಜ್ಜಿ. ಅಮ್ಮ ಊಟಕ್ಕೆ ಬಡಿಸುವಾಗ ಹೇಳುತ್ತಿದ್ದ ಅದೇ ದನಿ, ಅದೇ ಧಾಟಿ. ಅವರು ಮತ್ತೆ ಜಾರಿದರು. “ನಿಧಾನ, ನಿಧಾನ. ಹೊಳೆಗೇನೂ ಅವಸರ ಇಲ್ಲ, ನಿನಗೇನು?” ಅವರು ಲೆಕ್ಕವಿಲ್ಲದಷ್ಟು ಸಲ ಜಾರಿದರು, ಅರ್ಧ ನಿಜವಾಗಿ, ಅರ್ಧ ಬೇಕೆಂದೇ. ಸಂಜೆ ಹೊತ್ತಿಗೆ ಆಚೆ ದಡ ಮುಟ್ಟಿದರು. ಅಜ್ಜಿ ಬೆನ್ನಿಂದ ಇಳಿದು, “ಅಬ್ಬಾ, ಕೊನೆಗೂ ಮನುಷ್ಯ ಆದೆ,” ಎಂದಳು. ಬದುಕಿನಲ್ಲಿ ಅವರು ಕೊನೆ ಮುಟ್ಟಿಸಿದ ಮೊದಲ ಆಟ ಅದು. ತಂಗಿ ಮೇಲೆ ಅವರಿಗೆ ಎಷ್ಟು ಹೆಮ್ಮೆ ಅನಿಸಿತೆಂದರೆ, ‘ಆದರೂ’ ಎಂಬ ಪದ ಒಂದೇ ಒಂದು ಕಡೆಯೂ ಇಲ್ಲದ ವಿಮರ್ಶೆ ಬರೆದರು. ಹತ್ತು ಕೊಟ್ಟರು.

ಸಂಪಾದಕರು ಓದಿ ಮುಗಿಸಿ ಕನ್ನಡಕ ತೆಗೆದರು. “ನೀವು ಆಡಿದೀರಿ,” ಎಂದರು, ಹೆತ್ತ ಮಗ ಕದ್ದು ಸಿಕ್ಕಿಬಿದ್ದ ಹಾಗೆ.

“ಒತ್ತದೇ ಇದ್ರೆ ಅದು ನಡೆಯೋದೇ ಇಲ್ಲ, ಸರ್.”

“ಅದೇ ಅದರ ದೋಷ.” ಸಂಪಾದಕರು ಸಂಘದ ಹೊಸ ಮಾನದಂಡದ ಪುಟ ತಿರುವಿದರು. “ಸ್ವಾವಲಂಬನೆಗೆ ಸೊನ್ನೆ. ಆಟಗಾರನ ಮೇಲೆ ಅತಿಯಾದ ಅವಲಂಬನೆ. ಜನ ದುಡಿದು ಸುಸ್ತಾಗಿ ಮನೆಗೆ ಬರ್ತಾರೆ, ಅಲ್ಲೂ ಅಜ್ಜೀನ ಇವರೇ ಹೊರಬೇಕಾ? ಎಲ್ಲರೂ ಪಲ್ಲಕ್ಕೀಲಿ ಕೂತು ಅಭ್ಯಾಸ ಆಗಿರೋ ಕಾಲ ಇದು. ಮೂರು.”

“ಮೂರು ನಮ್ಮಲ್ಲಿ ಇಲ್ವಲ್ಲ ಸರ್?”

“ಈ ಆಟಕ್ಕೋಸ್ಕರ ತರಿಸೋಣ.”

ಹತ್ತೇ ಇರಲಿ, ಇಲ್ಲವಾದರೆ ನನ್ನ ಹೆಸರು ತೆಗೆಯಿರಿ ಎಂದು ಹೇಳಬೇಕೆಂದು ಎಂಟೂವರೆಯವರು ಬಾಯಿ ತೆರೆದರು. ಗಾಜಿನ ಆಚೆ ಅವರ ತಿರುಗುವ ಕುರ್ಚಿ ಫ್ಯಾನಿನ ಗಾಳಿಗೆ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. ಬಾಯಿ ಮುಚ್ಚಿದರು. ಆಮೇಲೆ ಮಧ್ಯಾಹ್ನದವರೆಗೂ ಕೂತು, ವಾದ ಮಾಡಿ, ಒಂದು ಸಲ ಮೇಜನ್ನೂ ಕುಟ್ಟಿ, ಮೂರನ್ನು ನಾಲ್ಕೂವರೆಗೆ ಏರಿಸಿ, ‘ಆಟಗಾರನ ಮೇಲೆ ಅತಿಯಾದ ಅವಲಂಬನೆ’ ಎಂದು ವಿಮರ್ಶೆಯನ್ನು ತಿದ್ದಿಕೊಟ್ಟರು. ಆ ಒಂದೂವರೆ ಅಂಕಕ್ಕಾಗಿ ತಾವು ಪಟ್ಟ ಪಾಡನ್ನು ಮನೆಗೆ ಬಂದು ಹೆಂಡತಿಗೆ ವಿವರವಾಗಿ ಹೇಳಿಕೊಂಡರು. ನಮ್ಮ ಕಸುಬಿನಲ್ಲಿ ಇದಕ್ಕೆ ಧೈರ್ಯ ಎನ್ನುತ್ತಾರೆ.

“ನಾಲ್ಕೂವರೆ ಅಂದ್ರೆ ಏಳಕ್ಕಿಂತ ಜಾಸ್ತೀನಾ?” ಎಂದು ಹೆಂಡತಿ ಕೇಳಿದರು.

ತಂಗಿ ಜಗಳಕ್ಕೆ ಬರುತ್ತಾಳೆ ಎಂದು ದಿನಾ ಕಾದರು. ಬರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಬಂದಳು, ಕೈಯಲ್ಲಿ ‘ಹೊಳೆ’ಯ ಹೊಸ ಆವೃತ್ತಿ. ಮುಖದಲ್ಲಿ ಕೋಪ ಇರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

“ನೀನು ಬರೆದಿದ್ದು ಸರಿ ಇತ್ತು ಅಣ್ಣ,” ಎಂದಳು. “ಎಲ್ಲರೂ ಅದನ್ನೇ ಹೇಳಿದ್ರು. ಸರಿ ಮಾಡಿದೀನಿ ನೋಡು.”

ಹೆಂಡತಿಯೂ ಸೇರಿ ಮೂವರೂ ಟಿವಿ ಮುಂದೆ ಕೂತರು. ಮೊಮ್ಮಗಳು ಅಜ್ಜಿಯನ್ನು ಹೊತ್ತು ನೀರಿಗಿಳಿದು, ಒಂದೊಂದು ಕಲ್ಲಿನ ಮೇಲೂ ಅಳೆದಂತೆ ಕಾಲಿಟ್ಟು, ನೆಟ್ಟಗೆ ಆಚೆ ದಡ ಸೇರಿದಳು. ನೋಡುವುದಕ್ಕೆ ಬಹಳ ಚೆಂದವಾಗಿತ್ತು. ಅಜ್ಜಿ ಮಾತಾಡಲಿಲ್ಲ.

“ಅಜ್ಜಿ ಈಗ ಬಯ್ಯಲ್ವಾ?” ಎಂದು ಎಂಟೂವರೆಯವರು ಕೇಳಿದರು.

“ಜಾರಿದ್ರೆ ತಾನೇ ಬಯ್ಯೋದು? ಈಗ ಜಾರೋರೇ ಇಲ್ವಲ್ಲ ಅಣ್ಣ.”

“ದಾಟಿದ ಮೇಲೆ ಒಂದು ಮಾತು ಹೇಳ್ತಿದ್ಲಲ್ಲ?”

“ಅದೂ ತೆಗೆದೆ. ಯಾರಿಗೆ ಅಂತ ಹೇಳೋದು?”

ಆಟ ತಾನಾಗಿಯೇ ಮೊದಲಿನಿಂದ ಶುರುವಾಯಿತು. ಮೊಮ್ಮಗಳು ಮತ್ತೆ ನೀರಿಗಿಳಿದಳು. ಎಂಟೂವರೆಯವರು ಕಂಟ್ರೋಲರ್ ಎತ್ತಿಕೊಂಡು ಗುಂಡಿ ಒತ್ತತೊಡಗಿದರು, ಒಂದೇ ಒಂದು ಸಲ ಕಾಲು ಜಾರಲಿ ಎಂದು.

“ರೀ, ಅದ್ರಲ್ಲಿ ಸೆಲ್ ಇಲ್ಲ,” ಎಂದರು ಹೆಂಡತಿ.

“ಗೊತ್ತು,” ಎಂದರು ಅವರು, ಒತ್ತುತ್ತಲೇ.

ಆ ವಾರ ‘ಹೊಳೆ’ಗೆ ಒಂಬತ್ತು ಅಂಕ ಬಂತು. ಆನ್‌ಲೈನ್ ಅಂಗಡಿಯವರು ಅದನ್ನು ಎಲ್ಲಕ್ಕಿಂತ ಮೇಲೆ ತೋರಿಸಿದರು, ತಂಗಿ ಸಿಹಿ ಹಂಚಿದಳು. ಗೋಡೆಯ ಗಡಿಯಾರವಂತೂ ಅಂದಿನಿಂದ ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ.