ಎರಡು ಡಬ್ಬಿ ಶೇಂಗಾ ಹಿಂಡಿ

ನಾನು ಸುಳ್ಳು ಹೇಳುವವನಲ್ಲ. ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ, ಸುಳ್ಳಿಗೆ ಬೇಕಾದ ಚುರುಕುತನ ನನಗಿಲ್ಲ, ಅಷ್ಟೆ. ಎಲ್ಲಿ ಪಂಚನಾಮೆ ನಡೆದರೂ ಸಾಕ್ಷಿಗೆ ನನ್ನನ್ನು ಕರೆಯುತ್ತಾರೆ. ಬಿದ್ದಿದ್ದ ಸೈಕಲ್ಲು ಯಾವ ಕಡೆ ಮುಖ ಮಾಡಿತ್ತು ಎಂದು ಕೇಳಿದರೆ, ಮುಂದಿನ ಗಾಲಿ ಪೂರ್ವಕ್ಕೂ ಹಿಂದಿನದು ತುಸು ದಕ್ಷಿಣಕ್ಕೂ ಇತ್ತು ಎಂದು ಹೇಳಬಲ್ಲೆ. ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳುವುದರಿಂದಲೂ ಅನಾಹುತವಾಗುತ್ತದೆ ಎಂದು ನನಗೆ ತಿಳಿದದ್ದು ನೀರಿನ ಮೇಲೆ, ಒಂದು ದೋಣಿಯಲ್ಲಿ, ಹನ್ನೊಂದು ಜನರ ನಡುವೆ. ಅದನ್ನು ನೆನೆದರೆ ಈಗಲೂ ಕುಳಿತ ಕುರ್ಚಿ ಅಲುಗಿದಂತಾಗುತ್ತದೆ.

ನಾನು ತಾವರಗೇರಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಗಿರಿಜಾ ಕೊಪ್ಪಳದಲ್ಲಿ ಶಿಕ್ಷಕಿ. ಹೀಗಾಗಿ ಆರು ವರ್ಷಗಳಿಂದ ನಮ್ಮದು ಎರಡು ಒಲೆಯ ಸಂಸಾರ. ಅಲ್ಲಿನ ಕುಕ್ಕರಿಗೆ ಸೀಟಿ ಇಲ್ಲ, ಇಲ್ಲಿನದಕ್ಕೆ ರಬ್ಬರಿಲ್ಲ. ಕೊಪ್ಪಳಕ್ಕೆ ವರ್ಗ ಕೇಳಿ ನಾನು ಬರೆದ ಅರ್ಜಿ ಹೊಸ ಸಾಹೇಬರ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ ಮಲಗಿತ್ತು. ಅವರು ‘ಅಡ್ಡಿಯಿಲ್ಲ’ ಎಂದು ಬರೆದರೆ ಸಾಕಿತ್ತು. ಮೈಸೂರು ಕಡೆಯಿಂದ ಬಂದಿದ್ದ ಅವರಿಗೆ ಮೀನು ಹಿಡಿಯುವ ಹುಚ್ಚು. “ಡ್ಯಾಮ್ ಹಿನ್ನೀರಲ್ಲಿ ಒಂದು ದಿನ ಎಲ್ಲ ಸೇರಿ ದೋಣೀಲಿ ಹೋಗೋಣ ಕಣ್ರೀ. ತಯಾರಿಯೆಲ್ಲ ನಿಮ್ದು,” ಎಂದು ನನಗೆ ಹೇಳಿದರು. ಪಕ್ಕದ ಮೇಜಿನ ಶರಣಪ್ಪ ಬಗ್ಗಿ ಪಿಸುಗುಟ್ಟಿದ: “ನಿಮ್ಮ ಅರ್ಜಿನ ಗಾಳಕ್ಕ ಸಿಗಿಸ್ಯಾರ ನೋಡ್ರಿ ಸರ. ಮೀನು ಬಿದ್ರ ಕೊಪ್ಪಳ, ಇಲ್ಲಂದ್ರ ನೀರು.”

ಮೊದಲ ತಯಾರಿ, ದಿನ ಗೊತ್ತು ಮಾಡುವುದು. ನಮ್ಮ ಕಚೇರಿಯಲ್ಲಿ ಮೀನು ತಿನ್ನದವರು ಕಡಿಮೆ. ತಿನ್ನುವ ದಿನಗಳು ಇನ್ನೂ ಕಡಿಮೆ. ಸೋಮವಾರ ಈಶ್ವರನದು, ಮಂಗಳವಾರ ಶುಕ್ರವಾರ ಅಮ್ಮನವು, ಗುರುವಾರ ಇಬ್ಬರದು ಒಪ್ಪತ್ತು, ಶನಿವಾರ ಹನುಮಪ್ಪನದು. ಬುಧವಾರಕ್ಕೆ ಯಾವ ದೇವರ ತಕರಾರೂ ಇರಲಿಲ್ಲ, ಸರ್ಕಾರದ್ದಿತ್ತು. ಉಳಿದದ್ದು ಭಾನುವಾರ, ಅದೂ ಶ್ರಾವಣ ಮುಗಿದ ಮೇಲೆ, ಅಮಾವಾಸ್ಯೆ ತಪ್ಪಿಸಿ. ಹಿನ್ನೀರು ದೂರ, ಹನುಮನಹಳ್ಳಿ ಕಡೆ ಹೊಳೆಗೇ ಹೋಗೋಣ ಎಂದು ಒಬ್ಬರು ಹೇಳಿದಾಗ ಉಳಿದವರೆಲ್ಲ ಗಲ್ಲ ಬಡಿದುಕೊಂಡರು. ಅಂಜನಾದ್ರಿಯ ಮೇಲಿಂದ ಹನುಮಪ್ಪನಿಗೆ ಹೊಳೆ ಪೂರಾ ಕಾಣುತ್ತದೆ. ಹಿನ್ನೀರಾದರೆ ನಡುವೆ ಗುಡ್ಡಗಳಿವೆ. ದೇವರಿಗೆ ಕಾಣದ ಜಾಗವನ್ನು ಎಲ್ಲರೂ ಭಕ್ತಿಯಿಂದ ಆರಿಸಿದರು.

ಆಮೇಲೆ ದೋಣಿಯ ದುರಗಪ್ಪನನ್ನು ಹೋಗಿ ಕಂಡೆ. “ಗಾಳ ನನ್ನವ ಅದಾವ್ರಿ. ನೀವು ಒಂದು ಕಿಲೋ ಶೇಂಗಾ ಹಿಂಡಿ ತರ್ರಿ, ಉಂಡಿ ಕಟ್ಟಿ ಗಾಳಕ್ಕ ಹಚ್ಚೂಣು. ವಾಸನಿ ಛಲೋ ಇರಬೇಕು,” ಎಂದ. ಈಜು ಬರದವರು ಏನು ಮಾಡಬೇಕೆಂದು ಕೇಳಿದೆ. “ಬೀಳಬಾರದ್ರಿ,” ಎಂದ. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡೆ.

ಬುತ್ತಿಯ ಹೊಣೆ ಗಿರಿಜಾಳದು. “ಮೀನು ಹಿಡೀತೀವಿ ಅನ್ನೂ ನಂಬಿಕಿ ಇದ್ರ ಐವತ್ತು ರೊಟ್ಟಿ ಯಾಕ್ರಿ?” ಎಂದು ಅಂದಳೇ ಹೊರತು, ಶನಿವಾರ ಮಧ್ಯಾಹ್ನವಿಡೀ ಕೊಪ್ಪಳದ ಒಲೆಯ ಮುಂದೆ ಕುಳಿತಳು. ಶೇಂಗಾ ಹುರಿದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಿಂಡಿಯನ್ನು ಡಬ್ಬಿಗೆ ತುಂಬುತ್ತ, “ಇದನ್ನ ತಿಂದೂ ನಿಮ್ಮ ಸಾಹೇಬ್ರು ಸಹಿ ಹಾಕಲಿಲ್ಲಂದ್ರ ಅವರ ನಾಲಗಿ ಇದ್ದೂ ಇಲ್ಲ ಅಂತ ತಿಳೀರಿ,” ಎಂದಳು. ಅವಳು ನಗುತ್ತಿದ್ದಳು, ಆದರೆ ಕಣ್ಣು ನನ್ನ ಮುಖದ ಮೇಲೇ ಇತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಚಟ್ನಿಪುಡಿಯೂ ಹಿಂಡಿಯೇ; ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಗಟ್ಟಿಯೂ ಹಿಂಡಿಯೇ. ದುರಗಪ್ಪ ಹೇಳಿದ್ದು ಎರಡನೆಯದು. ಅದನ್ನು ತಾವರಗೇರಾದ ಗಾಣದಿಂದ ತಂದು, ಕುಟ್ಟಿ ಪುಡಿ ಮಾಡಿ, ಗಿರಿಜಾಳದೇ ಇನ್ನೊಂದು ಡಬ್ಬಿಗೆ ತುಂಬಿದ್ದೆ. ಎರಡೂ ಜೋಡಿ ಸ್ಟೀಲ್ ಡಬ್ಬಿಗಳು. ಅದಲುಬದಲಾಗಬಾರದೆಂದು ಎರಡಕ್ಕೂ ಚೀಟಿ ಅಂಟಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದೆ. ಒಂದರ ಮೇಲೆ ‘ಶೇಂಗಾ ಹಿಂಡಿ’. ಇನ್ನೊಂದರ ಮೇಲೂ ‘ಶೇಂಗಾ ಹಿಂಡಿ’. ಯಾವ ಕೋರ್ಟಿನಲ್ಲಿ ಬೇಕಾದರೂ ಕೇಳಿ, ಎರಡೂ ಚೀಟಿ ಸರಿಯಾಗಿದ್ದವು.

ದೋಣಿ ದಡ ಬಿಟ್ಟ ಕೂಡಲೇ ನಾನು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ದುರಗಪ್ಪ ಡಬ್ಬಿ ತೆರೆದ ಸದ್ದು ಕೇಳಿಸಿತು. “ಬೆಳ್ಳುಳ್ಳಿನೂ ಹಾಕಿಸೀರೇನ್ರಿ? ಭಾಳ ಛಲೋ ಆತು, ವಾಸನಿಗೆ ಮೀನು ಓಡಿ ಬರ್ತಾವ,” ಎಂದ. ಮೀನು ಹಿಡಿಯುವವರ ಸಂಗತಿ ಅವರಿಗೇ ಗೊತ್ತು ಎಂದು ಸುಮ್ಮನಾದೆ. ಮೂರು ತಾಸು ಕಳೆದರೂ ಒಂದು ಗಾಳವೂ ಅಲುಗಲಿಲ್ಲ. ಸಾಹೇಬರು ಬೇಸತ್ತು ಬುತ್ತಿ ಬಿಚ್ಚಿಸಿದರು. ಅದೇ ಹೊತ್ತಿಗೆ ಬೆವರೊರೆಸಿಕೊಳ್ಳಲು ಹೋದ ದುರಗಪ್ಪ ಚೀರಿದ: “ಯಪ್ಪಾ, ಕಣ್ಣಾಗ ಖಾರ! ಇಂಥಾ ಖಾರ ಹಾಕಿದ್ರ ಮೀನು ನೀರು ಕುಡ್ಯಾಕ ಹೋಗಿರಬೇಕ್ರಿ!”

ಎಲ್ಲರೂ ಹೋ ಎಂದು ನಕ್ಕರು. ನಾನು ಕಣ್ಣು ಬಿಟ್ಟೆ. ಎರಡನೆಯ ಡಬ್ಬಿ ಸಾಹೇಬರ ತೊಡೆಯ ಮೇಲಿತ್ತು. ರೊಟ್ಟಿಯ ಮೇಲೆ ದಪ್ಪಗೆ ಹಿಂಡಿ, ಅದರ ಮೇಲೆ ಮೊಸರು. ಅವರು ಆಗಲೇ ಎರಡನೆಯ ರೊಟ್ಟಿ ತಿನ್ನುತ್ತಿದ್ದರು.

“ಏನ್ರೀ ಇದು?”

“ಶೇಂಗಾ ಹಿಂಡಿ ರೀ ಸಾಹೇಬ್ರ.”

“ಎಲ್ಲೀದು?”

“ತಾವರಗೇರಾ ಗಾಣದ್ದು ರೀ.”

“ಗಾಣದ್ದಾ? ಅದಕ್ಕೇ ಇಷ್ಟು ಶುದ್ಧ! ನಿಮ್ಮ ಕಡೆ ಊಟ ಬರೀ ಖಾರ ಅಂತಿದ್ರು. ಇದು ನೋಡಿ, ಎಷ್ಟು ಹದವಾಗಿದೆ. ಎಲ್ರೂ ತಗೊಳ್ಳಿ!”

ಎಲ್ಲರೂ ತೆಗೆದುಕೊಂಡರು. ಹುಟ್ಟಿದಾಗಿನಿಂದ ಹಿಂಡಿ ತಿಂದು ಬೆಳೆದ ಒಂಬತ್ತು ಜನ. ಮೊದಲ ತುತ್ತಿಗೇ ಶರಣಪ್ಪನ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಕಷ್ಟಪಟ್ಟು ನುಂಗಿ, ನೀರು ಕುಡಿದು, “ಹಿಂಡಿ ಅಂದ್ರ ಇದು ನೋಡ್ರಿ ಸಾಹೇಬ್ರ!” ಎಂದ. ಉಳಿದ ಎಂಟು ತಲೆಗಳೂ ಆಡಿದವು. ಒಬ್ಬರು ಇನ್ನಷ್ಟು ಬೇಡಿ ಹಾಕಿಸಿಕೊಂಡರು. ನಾನು ಹೇಳಬೇಕೆಂದಿದ್ದೆ. ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಸಾಹೇಬರು, “ನಾಳೆ ನಿಮ್ಮ ಅರ್ಜಿ ನೋಡ್ತೀನಿ ಕಣ್ರೀ,” ಎಂದರು. ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡೆ.

ಮರುದಿನ ಸಾಹೇಬರು ಮಾತಿಗೆ ತಪ್ಪದೆ ಗಾಜಿನ ಗುಂಡನ್ನು ಎತ್ತಿದರು. ಅರ್ಜಿಯ ಅಂಚಿನಲ್ಲಿ ‘ಸದರಿಯವರ ಸೇವೆ ಈ ಕಚೇರಿಗೆ ಅತ್ಯಗತ್ಯ’ ಎಂದು ಬರೆದು ಸಹಿ ಹಾಕಿದರು. “ನಿಮ್ಮನ್ನ ಕೊಪ್ಪಳಕ್ಕೆ ಕಳಿಸಿದ್ರೆ ನಂಗೆ ಆ ಗಾಣದ ಹಿಂಡಿ ಯಾರ್ರೀ ತಂದ್ಕೊಡ್ತಾರೆ? ಉಳಿದದ್ದನ್ನ ಮನೆಗೆ ತಗೊಂಡ್ಹೋಗಿದ್ದೆ, ನಮ್ಮನೇಲೂ ಎಲ್ರಿಗೂ ಹಿಡಿಸಿದೆ.”

ಕೊಪ್ಪಳಕ್ಕೆ ಹೋದಾಗ ಗಿರಿಜಾಳಿಗೆ ಎಲ್ಲವನ್ನೂ ಬಿಡದೆ ಹೇಳಿದೆ. ಅವಳು ಖಾಲಿ ಡಬ್ಬಿಯ ಚೀಟಿಯನ್ನು ಕಿತ್ತು ಹಾಕಿದಳು. “ದನದ ಹಿಂಡಿ ಸಾಹೇಬ್ರಿಗೆ, ನನ್ನ ಹಿಂಡಿ ಮೀನಿಗೆ. ಒಂದು ಮಾತು ಹೇಳಾಕ ಬರಲಿಲ್ಲೇನ್ರಿ ನಿಮಗ?”

“ಕೇಳಿದ್ದಕ್ಕೆಲ್ಲ ಖರೇನ ಹೇಳೀನಿ.”

“ಹೌದ್ರಿ, ಹಂಗಂತ ಒಬ್ಬರ ಕೂತು ತಾವರಗೇರಾದಾಗ ಅನ್ನ ಬೇಯಿಸ್ಕೊರ್ರಿ,” ಎಂದು ಒಳಗೆ ಹೋದಳು.

ಈಗ ತಿಂಗಳಿಗೊಮ್ಮೆ ಗಾಣಕ್ಕೆ ಹೋಗುತ್ತೇನೆ. ಮೊನ್ನೆ ಗಾಣದವರು ಹಿಂಡಿ ತೂಗುತ್ತ, “ಮನ್ಯಾಗ ಎತ್ತು ಎಷ್ಟದಾವ್ರಿ ಸರ?” ಎಂದು ಕೇಳಿದರು. ಸುಳ್ಳು ಹೇಳಲು ಬಾರದ ನಾನು ತಡವರಿಸದೆ “ಒಂದ ಐತ್ರಿ” ಎಂದುಬಿಟ್ಟೆ. ಚೀಲ ಹೆಗಲಿಗೇರಿಸಿ ಸಾಹೇಬರ ಮನೆಯವರೆಗೂ ಲೆಕ್ಕ ಹಾಕುತ್ತ ನಡೆದೆ. ತಿನ್ನುವುದನ್ನು ನೋಡಿದರೆ ನಾನು ಹೇಳಿದ್ದು ಅವರನ್ನು. ಹೊರುವುದನ್ನು ನೋಡಿದರೆ, ಅವರನ್ನಲ್ಲ.